ಮೂಲೆಯ ಗರಿಕೆ

ನಮ್ಮ ಹಿತ್ತಲಿನ ಸೊಪ್ಪಿನ ಪಾತಿಗೆ ಗರಿಕೆ ತಾನಾಗಿ ನುಗ್ಗಿದ್ದಲ್ಲ, ಅದನ್ನು ಸಾಕಿದವರು ನಮ್ಮಪ್ಪ. ಗಣಪತಿ ಹಬ್ಬಕ್ಕೆ ಬೇಕೆಂದು ಪಾತಿಯ ಈಶಾನ್ಯ ಮೂಲೆಯಲ್ಲಿ ಮೊರದಗಲ ಬಿಟ್ಟಿದ್ದರು. ಗರಿಕೆ ಬಿಟ್ಟ ಜಾಗದಲ್ಲಿ ಇರುತ್ತದೆಯೇ? ಒಂದು ಮಳೆ ಬಿದ್ದರೆ ಸಾಕು, ದಂಟಿನ ಬುಡ, ಬದನೆಯ ಬುಡ ಎಲ್ಲ ಅದರದೇ.

"ದೇವನಹಳ್ಳಿ ಮಾರ್ಕೆಟ್ಟಲ್ಲಿ ಕಟ್ಟುಗಟ್ಲೆ ಸಿಗ್ತದೆ, ನಾನೇ ತರ್ತೀನಿ. ಈ ಪೀಡೇನ ಕಿತ್ ಬಿಸಾಕಪ್ಪ" ಎಂದು ನಾನು ವರ್ಷವರ್ಷವೂ ರೇಗುತ್ತಿದ್ದೆ.

"ನೆಲ ಇರೋರು ಕೊಂಡ್ಕೊಂಡ್ ಬಂದ್ ಏರಿಸ್ತಾರೇನ್ಲಾ?" ಎನ್ನುತ್ತಿದ್ದರು ಅಪ್ಪ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಕಳೆ ಕೀಳುತ್ತಿದ್ದವಳು ಮಾತ್ರ ಅಮ್ಮ. ನಮ್ಮಿಬ್ಬರ ಜಗಳದಲ್ಲಿ ಅವಳು ತುಟಿ ಬಿಚ್ಚಿದವಳಲ್ಲ.

ಈ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಅಂದಿನಿಂದ ಅಮ್ಮ ಹಿತ್ತಲಿಗೆ ಕಾಲಿಡಲಿಲ್ಲ. ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ. ನನ್ನ ಹೆಂಡತಿ ತಟ್ಟೆ ಹಿಡಿದು ಪಕ್ಕದಲ್ಲೇ ಕೂತರೂ "ಆಮೇಲೆ ಕಣಮ್ಮ" ಎನ್ನುವಳು. ಅಮ್ಮನೂ ಅಪ್ಪನ ಹಿಂದೆಯೇ ಹೊರಟುಬಿಡುತ್ತಾಳೆಂದು ನನಗೆ ಭಯ ಹತ್ತಿತು. ಅಷ್ಟರಲ್ಲಿ ಮಳೆ ಹಿಡಿದು ಪಾತಿಯೆಲ್ಲ ಗರಿಕೆಯಾಗಿತ್ತು. ಅದನ್ನು ಹಸನು ಮಾಡಿದರೆ ಬೀಜ ಚೆಲ್ಲುವುದಕ್ಕಾದರೂ ಎದ್ದು ಬಂದಾಳು ಎಂದುಕೊಂಡು ಒಂದು ಭಾನುವಾರ ಗುದ್ದಲಿ ಹಿಡಿದೆ.

"ಮೂಲೇದೂ ತೆಗೀಲೇನಮ್ಮ?" ಎಂದು ಹಿತ್ತಲ ಬಾಗಿಲಿಂದ ಕೇಳಿದೆ.

"ತೆಗಿ. ವರ್ಷ ತುಂಬೋಗಂಟ ನಮಗೆಲ್ಲಿ ಹಬ್ಬ" ಎಂದಳು, ಗೋಡೆ ಕಡೆ ಮುಖ ಮಾಡಿಕೊಂಡೇ.

ಇಷ್ಟು ವರ್ಷ ಜಗಳವಾಡಿದ್ದು ಇದಕ್ಕೇ. ಈಗ ಗೆದ್ದೆ, ಆದರೆ ಬಾಯೆಲ್ಲ ಕಹಿಯಾಯಿತು.

ಗರಿಕೆಯನ್ನು ಕಡಿಯಬಾರದು. ಒಂದೊಂದು ಗಿಣ್ಣೂ ಬೇರು ಬಿಟ್ಟು ಒಂದೊಂದು ಗಿಡವಾಗುತ್ತದೆ. ಮಣ್ಣು ಸಡಿಲಿಸಿ, ಎಳೆ ಹರಿಯದಂತೆ ಮೆಲ್ಲಗೆ ಎಳೆಯಬೇಕು. ನನಗೆಲ್ಲಿಂದ ಬರಬೇಕು ಅಷ್ಟು ತಾಳ್ಮೆ! ಎಳೆದೆ, ಹರಿಯಿತು, ಬೈದೆ, ಮತ್ತೆ ಅಗೆದೆ. ಕಿತ್ತದ್ದನ್ನು ಒಣಗಲೆಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ರಾಶಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಮೂಲೆಗೆ ಬಂದೆ. ಅಲ್ಲಿ ಬೇರು ಬೆಳ್ಳಗೆ, ದಪ್ಪಗೆ, ಮೊಣಕೈ ಆಳಕ್ಕೆ ಇಳಿದಿತ್ತು. ಅಪ್ಪ ಹಬ್ಬದ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಬಂದು ಕುಕ್ಕುರುಗಾಲಲ್ಲಿ ಕೂರುತ್ತಿದ್ದದ್ದು ಅಲ್ಲೇ. ಕೈ ಮುಂದೆ ಹೋಗಲಿಲ್ಲ. ಗುದ್ದಲಿ ಬಿಟ್ಟು ಅತ್ತುಬಿಟ್ಟೆ.

"ಹಂಗ್ ಎಳದ್ರೆ ಹರೀತದೆ ಕಣೋ."

ಅಮ್ಮ ಹಿಂದೆ ನಿಂತಿದ್ದಳು. ಸೆರಗು ಸಿಕ್ಕಿಸಿಕೊಂಡು ಕೂತು, ಮಣ್ಣಿಗೆ ಬೆರಳಿಳಿಸಿ, ಒಂದು ಇಡೀ ಬೇರನ್ನು ಹರಿಯದಂತೆ ಎಳೆದು ನನ್ನ ಮುಂದೆ ಹಾಕಿದಳು. ಆಮೇಲೆ ಇನ್ನೊಂದು. ಸೂರ್ಯ ವಾಲುವ ಹೊತ್ತಿಗೆ ಮೂಲೆ ಖಾಲಿಯಾಯಿತು. ಆಗ ಕಲ್ಲಿನ ಹತ್ತಿರ ಹೋಗಿ, ರಾಶಿಯಿಂದ ಹಸಿಯಾಗಿದ್ದ ಒಂದು ಹಿಡಿ ಗರಿಕೆ ಆರಿಸಿ ತಂದು, ಅದೇ ಮೂಲೆಯಲ್ಲಿ ಒತ್ತಿ ನೆಟ್ಟಳು.

"ಇದೇನಮ್ಮ, ಮತ್ತೆ?"

"ಬರೋ ವರ್ಷ ಹಬ್ಬ ಮಾಡ್ಬೇಕಲ್ಲಪ್ಪ. ಕೊಂಡ್ಕೊಂಡ್ ಬಂದ್ರೆ ನಿಮ್ಮಪ್ಪ ಒಪ್ತಾರಾ?"

ಬರೋ ವರ್ಷ ಎಂದಳು. ಅಪ್ಪ ಹೋದ ಮೇಲೆ ಅವಳ ಬಾಯಿಂದ ನಾಳೆ ಎಂಬ ಮಾತನ್ನೂ ನಾನು ಕೇಳಿರಲಿಲ್ಲ. ತೊಟ್ಟಿಯಿಂದ ಒಂದು ಚೊಂಬು ನೀರು ತಂದು ಗರಿಕೆಯ ಬುಡಕ್ಕೆ ನಾನೇ ಹುಯ್ದೆ.