ಎಸ್ಪೆರಾ ರೀ

ಸ್ಪ್ಯಾನಿಷ್‌ನಲ್ಲಿ 'ಸ್ವಲ್ಪ ತಡೀರಿ' ಅನ್ನಲು ಬಾರದೆ ನನ್ನ ಕೆಲಸ ಹೋಗುವುದರಲ್ಲಿತ್ತು.

ಹರಿಹರದಲ್ಲಿ ಮಂಡಕ್ಕಿ ಹುರಿಯುವ ಯಂತ್ರ ಮಾಡುವ ಸಣ್ಣ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದೇನೆ. ಪೆರು ದೇಶದ ಒಬ್ಬ ಯಜಮಾನರು, ಎಪ್ಪತ್ತರ ಆಸುಪಾಸಿನವರು, ಒಂದು ಯಂತ್ರ ತರಿಸಿಕೊಂಡಿದ್ದರು. ಮೊಬೈಲಿನಲ್ಲಿ ನಾಲ್ಕು ತಿಂಗಳು ಸ್ಪ್ಯಾನಿಷ್ ಕಲಿತಿದ್ದೇನೆ ಎಂದು ಬಾಯಿ ಬಿಟ್ಟ ತಪ್ಪಿಗೆ, ವಿಡಿಯೊ ಕಾಲ್‌ನಲ್ಲಿ ಅವರಿಗೆ ಅದನ್ನು ನಡೆಸಲು ಹೇಳಿಕೊಡುವ ಕೆಲಸ ನನ್ನ ತಲೆಗೇ ಬಂತು.

ಮೊದಲ ದಿನ 'ಎಸ್ಪೆರಾ' ಅನ್ನಬೇಕಾಯಿತು. ಅಂದರೆ 'ತಡಿ'. ಹಿರಿಯರಿಗೆ ಬರೀ 'ತಡಿ' ಅನ್ನಲು ನಾಲಿಗೆ ಏಳಲಿಲ್ಲ, 'ಎಸ್ಪೆರಾ ರೀ' ಅಂದೆ. ಮುಚ್ಚಳ ತೆಗೆಯಲು 'ಅಬ್ರೆ ರೀ' ಅಂದೆ. ಬೈಯುವಾಗಲೂ 'ರೀ' ಬಿಡದ ದಾವಣಗೆರೆಯವಳು ನಾನು. ಕೊಡಬೇಕಾದ ಮರ್ಯಾದೆಯನ್ನೆಲ್ಲ ಕೊಟ್ಟಿದ್ದೆ. ಅದು ಅವರಿಗೆ ತಿಳಿದರೆ ತಾನೆ! ಮರುದಿನವೇ ಮಾಲೀಕರಿಗೆ ದೂರು ಬಂತು: ನಿಮ್ಮ ಹುಡುಗಿ ನನ್ನನ್ನು ಏಕವಚನದಲ್ಲಿ ಮಾತಾಡಿಸುತ್ತಾಳೆ.

"ದೊಡ್ಡೋರ ಹತ್ರ ಹೆಂಗೆ ಮಾತಾಡ್ಬೇಕು ಗೊತ್ತಿಲ್ಲೇನು ನಿಂಗೆ? ಇನ್ನೊಂದ್ಸಲ ಹಿಂಗಾದ್ರೆ ಕೆಲ್ಸಕ್ಕೆ ಬರೋದೇ ಬ್ಯಾಡ," ಅಂದರು ಮಾಲೀಕರು.

ಒಂದು ವಾರ ಹರಿಹರದ ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿದೆ. ಕರ್ಮ, ಎಂಥ ಭಾಷೆ! ನಮ್ಮಲ್ಲಿ ಒಂದು 'ರಿ' ಅಂಟಿಸಿದರೆ ಮುಗಿಯಿತು. ಅಲ್ಲಿ ಕೊನೆಯ ಸ್ವರವನ್ನೇ ತಿರುಗಿಸಬೇಕು. 'ಎಸ್ಪೆರಾ' ಏಕವಚನ, 'ಎಸ್ಪೆರೆ' ಮರ್ಯಾದೆ. ಸರಿ, ಕೊನೆಗೆ 'ಎ' ಬಂದರೆ ಮರ್ಯಾದೆ ಎಂದು ನೆನಪಿಟ್ಟುಕೊಳ್ಳುವಷ್ಟರಲ್ಲಿ, 'ಅಬ್ರೆ' ಏಕವಚನವಂತೆ, 'ಅಬ್ರಾ' ಮರ್ಯಾದೆಯಂತೆ! ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ ಈ ಏರ್ಪಾಡು. ಕಂಡಕ್ಟರ್ "ಒಳಗ್ ನಡೀರಿ, ನಡೀರಿ" ಎಂದು ಬಸ್ಸಿಗೆಲ್ಲ ಸಲೀಸಾಗಿ ಮರ್ಯಾದೆ ಹಂಚುವುದನ್ನು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು.

ಎರಡನೇ ಕಾಲ್‌ಗೆ ಅಂಗೈಯಲ್ಲಿ ಬರೆದುಕೊಂಡು ಕೂತೆ. ಒಂದೊಂದನ್ನೂ ಸರಿಯಾಗಿ ಅಂದೆ. ಅವರು ಮುಚ್ಚಳ ತೆಗೆದರು, ಉರಿ ಸಣ್ಣ ಮಾಡಿದರು, ಮುಖ ಗಂಟು ಹಾಕಲಿಲ್ಲ. ಕೆಲಸ ಉಳಿಯಿತು ಅಂದುಕೊಂಡೆ. ಅಷ್ಟರಲ್ಲಿ ಅವರು ಕನ್ನಡಕಕ್ಕಾಗಿ ತಡಕಾಡುತ್ತ, ನನ್ನತ್ತ ಕೈ ಎತ್ತಿ, "ಎಸ್ಪೆರೆ" ಅಂದರು.

ಎಸ್ಪೆರಾ ಅಲ್ಲ, ಎಸ್ಪೆರೆ. ನನಗೆ!

ಹಿಂದಿನಿಂದ ಮಾಲೀಕರು, "ಏ, ಮುಗೀತೇನು? ಬಾ ಇಲ್ಲಿ," ಎಂದು ಕೂಗಿದರು. ಮೂರು ವರ್ಷದಿಂದ ಹೀಗೇ ಕೂಗುತ್ತಾರೆ. ಈವರೆಗೆ ನನಗದು ಕೇಳಿಸಿಯೇ ಇರಲಿಲ್ಲ. ತಿರುಗಿ ನೋಡದೆ, ಪೆರುವಿನ ಯಜಮಾನರಿಗೆ ಕನ್ನಡಕ ಸಿಗುವವರೆಗೂ ಕಾದೆ.