‘ಭಾರ ಮೇಲಿರಲಿ’ ಎಂಬ ಚೀಟಿ

ಈ ಸಂಗತಿಯನ್ನು ಹಲವು ಸಲ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಗುಡ್ಡದ ಇಳಿಜಾರು ಸ್ವಲ್ಪ ಕಡಿದಾಗಿದೆ, ನಾನು ಸ್ವಲ್ಪ ಜಾಣನಾಗಿದ್ದೇನೆ. ಹಾಗಾಗಿ ಈ ಸಲ ಬರೆಯುತ್ತಿದ್ದೇನೆ. ಬರೆದರೆ ನಿಜವಾಗಿಬಿಡುತ್ತದೆ ಎಂಬ ನಂಬಿಕೆ ನನಗಿಲ್ಲ. ಅನಾಹುತ ಶುರುವಾದದ್ದೇ ನಾನು ಬರೆದದ್ದರಿಂದ.

ಯುದ್ಧ ಮುಗಿದ ಮೇಲಿನ ದಿನಗಳು. ನಾನು ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಅಕ್ಕನ ಗಂಡ, ಅಂದರೆ ನನ್ನ ಭಾವ, ಅಲ್ಲೇ ಡ್ರೈವರ್. ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ ಜೀವಸಹಿತ ವಾಪಸು ಬಂದವನು. ನಮ್ಮದು ಬೋಳಾರದಲ್ಲಿ ಕಡಲಿಗೆ ಹೋಗುವವರ ಮನೆ. ಮನೆಗೆ ಯಜಮಾನ ಅಮ್ಮನ ಅಣ್ಣ, ನಮ್ಮ ಮಾವ. ಆ ಮನೆಯಿಂದ ಇಂಗ್ಲಿಷ್ ಕಲಿತು ಕುರ್ಚಿಯಲ್ಲಿ ಕೂತವನು ನಾನೊಬ್ಬ, ಸ್ಟೇರಿಂಗ್ ಹಿಡಿದವನು ಭಾವನೊಬ್ಬ. ‘ಇವರಿಬ್ಬರು ಒಣನೆಲದ ಮೀನುಗಳು’ ಎಂದು ಮಾವ ಬಂದವರಿಗೆಲ್ಲ ನಮ್ಮನ್ನು ಪರಿಚಯಿಸುತ್ತಿದ್ದರು.

ಪಡೀಲಿನ ಆಚೆ ಕಾರ್ಖಾನೆಗೆ ಸೇರಿದ ಒಂದು ಗುಡ್ಡವಿತ್ತು. ಮಳೆ ಬಿಟ್ಟ ಮೇಲೆ ಅಲ್ಲಿ ಸೊಂಟದೆತ್ತರ ಮುಳಿಹುಲ್ಲು. ಹಾಯಿ ಕಟ್ಟಿದ ಸರಕಿನ ಮಂಜಿಗಳಿಗೆ ಹೆಂಚು ತುಂಬುವಾಗ ಸಾಲುಗಳ ನಡುವೆ ಇಡಲು ಆ ಹುಲ್ಲು ಬೇಕಿತ್ತು. ಅಲ್ಲಿಯವರೆಗೆ ಹೆಂಗಸರು ಕತ್ತಿ ಹಿಡಿದು ಕೊಯ್ಯುತ್ತಿದ್ದರು. ಆ ವರ್ಷ ಧಣಿ ಘಟ್ಟದ ಮೇಲಿನ ಯಾರೋ ತೋಟದವರಿಂದ ಒಂದು ಸಣ್ಣ ಟ್ರ್ಯಾಕ್ಟರ್ ತಂದರು. ಕೆಂಪು ಬಣ್ಣದ್ದು ಎಂದು ಬರೆಯಹೊರಟಿದ್ದೆ. ಅಕ್ಕ ಬೂದು ಎನ್ನುತ್ತಾಳೆ. ಕೆಂಪಗಿದ್ದದ್ದು ಅದಕ್ಕೆ ಹತ್ತಿದ ಮುರಕಲ್ಲಿನ ಧೂಳೇ ಇರಬಹುದು. ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಎರಡು ಸಣ್ಣ ಚಕ್ರ. ಬಲಗಡೆ ಹೊರಚಾಚಿದ ಆಳುದ್ದದ ಕಬ್ಬಿಣದ ಪಟ್ಟಿ, ಅದರ ತುಂಬ ಹಲ್ಲು. ಗಾಡಿ ಮುಂದೆ ಹೋದಂತೆ ಆ ಹಲ್ಲುಗಳು ಹುಲ್ಲು ಕತ್ತರಿಸುತ್ತವೆ.

ಸಮನೆಲದಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. ತೊಂದರೆ ಇದ್ದದ್ದು ಗುಡ್ಡದ ಪಶ್ಚಿಮದ ಇಳಿಜಾರಿನಲ್ಲಿ. ಅದರ ಬುಡದಲ್ಲಿ ಕಲ್ಲು ಕಡಿದುಬಿಟ್ಟ ಹಳೆಯ ಕೋರೆ, ಎರಡಾಳು ಆಳ. ನೆಟ್ಟಗೆ ಕೆಳಗೆ ಓಡಿಸಿದರೆ ಸೀದಾ ಕೋರೆಗೆ. ಹಾಗಾಗಿ ಅಡ್ಡಕ್ಕೇ ಓಡಿಸಬೇಕು, ಒಂದು ಬದಿಯ ಚಕ್ರ ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ.

ಟ್ರ್ಯಾಕ್ಟರಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಅದರಲ್ಲಿ ಇಳಿಜಾರಿನ ಬಗ್ಗೆ ಏನುಂಟು ಎಂದು ಕನ್ನಡದಲ್ಲಿ ಬರೆದು ಡ್ರೈವರಿಗೆ ಕೊಡುವಂತೆ ಧಣಿ ನನಗೆ ಹೇಳಿದರು. ಆಗ ನನಗೆ ಚಿಕ್ಕದಾಗಿ ಬರೆಯುವ ಚಟ. ಹತ್ತು ಪದದಲ್ಲಿ ಇರುವುದನ್ನು ಮೂರರಲ್ಲಿ ಹೇಳಿದರೆ ಭಾಷೆ ಹೊಸದಾಗುತ್ತದೆ ಎಂದುಕೊಂಡಿದ್ದೆ. ಎರಡು ಪುಟದ ವಿಷಯವನ್ನು ಅರ್ಧ ಹಾಳೆಗೆ ಇಳಿಸಿದೆ. ನಿಧಾನವಾಗಿ ಹೋಗು. ತಿರುಗುವಾಗ ಏರಿನ ಕಡೆಗೆ ತಿರುಗು. ಭಾರ ಮೇಲಿರಲಿ.

ಭಾವ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ, ಮಡಚಿ ಕಿಸೆಯಲ್ಲಿಟ್ಟುಕೊಂಡ. ‘ನೀನು ಬರೆದದ್ದಲ್ವಾ, ಸರಿಯೇ ಇರ್ತದೆ’ ಎಂದ. ಈ ಮಾತನ್ನು ಅವನು ನಿಜವಾಗಿ ಹೇಳಿದನೋ, ನನ್ನನ್ನು ಚುಚ್ಚಲು ನಾನೇ ಆಮೇಲೆ ಸೇರಿಸಿಕೊಂಡೆನೋ ಗೊತ್ತಿಲ್ಲ. ಕಿಸೆಯಲ್ಲಿಟ್ಟದ್ದು ಮಾತ್ರ ನಿಜ.

ಮರುದಿನ ಬೆಳಿಗ್ಗೆ ಗುಡ್ಡಕ್ಕೆ ಹೋದಾಗ ಅವನು ಸೀಟಿನ ಹಿಂದೆ ಎದೆಯೆತ್ತರಕ್ಕೆ ಹಲಗೆಯ ಅಟ್ಟ ಕಟ್ಟಿಸಿದ್ದ. ಅದರ ಮೇಲೆ ನಾಲ್ಕು ಮುರಕಲ್ಲು, ಹಗ್ಗದಿಂದ ಬಿಗಿದದ್ದು. ನೋಡಲು ಮದುವೆಗೆ ಹೊರಟ ಗಾಡಿಯ ಹಾಗಿತ್ತು.

‘ಎಂತ ಭಾವ ಇದು?’

‘ಭಾರ ಮಾರಾಯ. ಮೇಲೆ.’

ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಒಪ್ಪಿಕೊಳ್ಳಲು ಎಷ್ಟೋ ವರ್ಷ ಬೇಕಾಯಿತು. ಮೊದಲೆಲ್ಲ ಈ ಕಥೆ ಹೇಳುವಾಗ ‘ಮನಸ್ಸಿಗೆ ಏನೋ ಕಸಿವಿಸಿ’ ಎಂದು ಸೇರಿಸುತ್ತಿದ್ದೆ. ಕಸಿವಿಸಿ ಇರಲಿಲ್ಲ. ಅಟ್ಟ ಗಟ್ಟಿಯಾಗಿದೆ ಎಂದು ಮೆಚ್ಚಿಕೊಂಡೆ.

ಅವನು ಕತ್ತರಿಸುವ ಪಟ್ಟಿಯನ್ನು ತಗ್ಗಿನ ಬದಿಗಿಟ್ಟುಕೊಂಡು ಅಡ್ಡಕ್ಕೆ ಹೊರಟ. ಮೂವತ್ತು ಮಾರು ಹೋಗಿರಬೇಕು. ಹುಲ್ಲಿನೊಳಗೆ ಕಾಣದಿದ್ದ ಒಂದು ಕಲ್ಲಿನ ಮೇಲೆ ಎತ್ತರದ ಬದಿಯ ಚಕ್ರ ಹತ್ತಿತು. ಹತ್ತಿದ್ದು ಇಳಿಯಲಿಲ್ಲ. ಇಡೀ ಗಾಡಿ ಕೋರೆಯ ಕಡೆಗೆ ವಾಲಿ, ಚಕ್ರ ಗಾಳಿಯಲ್ಲಿ ಸುಮ್ಮನೆ ತಿರುಗತೊಡಗಿತು. ಭಾವ ನಾಲ್ಕು ಬೆರಳು ಎದ್ದಿತು ಎನ್ನುತ್ತಾನೆ. ಹುಲ್ಲು ಕಟ್ಟಲು ಬಂದ ಹೆಂಗಸರು ಒಂದು ಮೊಳ ಎಂದರು. ಉಳಿಸಿದ್ದು ಆ ಕಬ್ಬಿಣದ ಪಟ್ಟಿ. ಅದರ ತುದಿ ನೆಲಕ್ಕೆ ನಾಟಿಕೊಂಡು ಊರುಗೋಲಿನಂತೆ ಗಾಡಿಯನ್ನು ಹಿಡಿದಿತ್ತು. ಅಟ್ಟದಿಂದ ಒಂದು ಕಲ್ಲು ಜಾರಿ, ಉರುಳಿ, ಕೋರೆಗೆ ಬಿತ್ತು. ಬಿದ್ದ ಸದ್ದು ಬರಲು ತಡವಾಯಿತು. ಭಾವ ಎಂಜಿನ್ ಆರಿಸಿ, ಎತ್ತರದ ಬದಿಗೆ ಹಾರಿಕೊಂಡ. ಆಮೇಲೆ ಜನ ಸೇರಿ ಕಲ್ಲು ಇಳಿಸಿ, ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದರು.

‘ಚೀಟಿಯಲ್ಲಿದ್ದ ಹಾಗೇ ಮಾಡಿದ್ದೆ’ ಎಂದ ಭಾವ. ಅವನ ತುಟಿ ಬಿಳಿಚಿತ್ತು. ‘ಬಹುಶಃ ಕಲ್ಲು ಸಾಕಾಗ್ಲಿಲ್ಲ. ನಾಡಿದ್ದು ಆರು ಇಡ್ತೇನೆ.’

ಅಂದರೆ ಅವನು ಮತ್ತೆ ಹತ್ತುವವನಿದ್ದ. ನನ್ನ ಚೀಟಿ ಹಿಡಿದುಕೊಂಡು, ಇನ್ನೂ ಎರಡು ಕಲ್ಲು ಹೇರಿಕೊಂಡು.

ಸಂಜೆ ಮನೆಯ ಜಗಲಿಯಲ್ಲಿ ಅಕ್ಕ ಗಂಡನಿಗೆ ಮುಖ ಕೊಡಲಿಲ್ಲ, ನನಗೇ ಹೇಳಿದಳು: ‘ಯುದ್ಧದಲ್ಲಿ ಸಾಯದ ಮನುಷ್ಯ ಹುಲ್ಲು ಕೊಯ್ಲಿಕ್ಕೆ ಹೋಗಿ ಸತ್ತ ಅಂತ ಊರಿಗೆ ಹೇಳುವುದು ಯಾರು? ನೀನಾ?’

‘ಅವನೇನು ಮಾಡ್ತಾನೆ? ಪುಸ್ತಕದಲ್ಲೇ ಉಂಟಂತೆ’ ಎಂದ ಭಾವ.

‘ಎಂತ ಉಂಟು? ತಾ ಇಲ್ಲಿ.’ ಅವಳೇ ಅವನ ಕಿಸೆಯಿಂದ ಚೀಟಿ ತೆಗೆದು ಮಾವನ ಮುಂದೆ ಹಿಡಿದಳು. ಮಾವನಿಗೆ ಓದು ಬಾರದು. ನಾನು ಓದಬೇಕಾಯಿತು. ಹಿಂದೆ ಹೇಳುವಾಗ, ನಾನೇ ತಪ್ಪು ಕಂಡುಹಿಡಿದು ಮಾವನ ಬಳಿ ಹೋದೆ ಎನ್ನುತ್ತಿದ್ದೆ. ಹಾಗಲ್ಲ. ನನ್ನನ್ನು ಕೂರಿಸಿ ಓದಿಸಿದರು. ನಮ್ಮ ಮನೆಯ ಮಾತು ತುಳು. ಇಲ್ಲಿ ಎಲ್ಲರೂ ಕನ್ನಡ ಆಡುತ್ತಿದ್ದಾರೆ, ಅದೂ ನನ್ನ ಕೈವಾಡವೇ.

‘ಭಾರ ಮೇಲಿರಲಿ’ ಎಂದು ಓದಿದೆ. ತುಳುವಿನಲ್ಲೂ ಹೇಳಿದೆ: ಮಿತ್ತ್.

ಮಾವ ಬಲೆ ಹೆಣೆಯುವುದನ್ನು ನಿಲ್ಲಿಸಿದರು. ‘ಮಿತ್ತ್ ಅಂದ್ರೆ ಎಲ್ಲಿ?’

‘ಮೇಲೆ.’

‘ಅದೇ, ಎಲ್ಲಿ ಮಾರಾಯ? ಗಾಡಿಯ ಮೇಲೆಯಾ, ಗುಡ್ಡದ ಮೇಲೆಯಾ?’

ನಾನು ಚೀಟಿಯನ್ನು ಮತ್ತೊಮ್ಮೆ ನೋಡಿದೆ. ಎಲ್ಲಿ ಎಂಬುದು ಅದರಲ್ಲಿರಲಿಲ್ಲ.

‘ದೋಣಿಯಲ್ಲಿ ಭಾರಕ್ಕೆ ಕಲ್ಲು ಎಲ್ಲಿ ಇಡ್ತೇವೆ?’ ಮಾವ ಕೇಳಿದರು.

‘ಅಡಿಯಲ್ಲಿ’ ಎಂದ ಭಾವ.

‘ಗಾಳಿ ಹೊಡೆದು ವಾಲಿದ್ರೆ ನಾವು ಎಲ್ಲಿ ಕೂತ್ಕೊಳ್ತೇವೆ?’

‘ಎದ್ದ ಬದಿಯಲ್ಲಿ.’

‘ಕೂತ್ಕೊಳ್ತೇವೆ. ಹಾಯಿ ಕಟ್ಟುವ ಕೂವೆಮರ ಹತ್ತಿ ತುದಿಯಲ್ಲಿ ಕೂರ್ತೇವಾ? ನೀನು ಕಲ್ಲನ್ನು ಕೂವೆಮರಕ್ಕೆ ಹತ್ತಿಸಿದ್ದಿ. ನಿನ್ನ ಭಾವನೆಂಟ ಅದಕ್ಕೆ ಏಣಿ ಕೊಟ್ಟ.’

ಅಕ್ಕ ನಗಲಿಲ್ಲ. ‘ಪುಸ್ತಕ ತಾ’ ಎಂದಳು, ತಾನೇ ಓದುವವಳಂತೆ.

ಕತ್ತಲಾಗುವ ಮೊದಲು ಕಾರ್ಖಾನೆಗೆ ಓಡಿ ಪುಸ್ತಕ ತಂದೆ. ಜಗಲಿಯಲ್ಲಿ ಕೂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ತುಳುವಿಗೆ ತಂದೆ, ಈ ಸಲ ಏನನ್ನೂ ಚಿಕ್ಕದು ಮಾಡದೆ. ಗಾಡಿಗೆ ಪಟ್ಟಿ ಇರುವ ಬದಿ ಭಾರದ್ದು. ಆ ಬದಿಯನ್ನು ಗುಡ್ಡದ ಎತ್ತರದ ಕಡೆಗಿಟ್ಟು ಓಡಿಸಬೇಕು, ಅಷ್ಟೇ ಅದರ ಅರ್ಥ. ಕಲ್ಲಿನ ಸುದ್ದಿಯೇ ಇರಲಿಲ್ಲ. ನಾನು ಬಿಟ್ಟುಬಿಟ್ಟಿದ್ದ ಎರಡು ವಿಷಯಗಳೂ ಸಿಕ್ಕವು. ಹಿಂದಿನ ಚಕ್ರಗಳನ್ನು ಕಳಚಿ ಒಳಮೈ ಹೊರಗೆ ಮಾಡಿ ಜೋಡಿಸಿದರೆ ಅವುಗಳ ನಡುವಿನ ಅಂತರ ಹೆಚ್ಚುತ್ತದೆ. ಇನ್ನೊಂದು, ಹಿಂದಿನ ಟಯರುಗಳಿಗೆ ನೀರು ತುಂಬಬೇಕು.

‘ಟಯರಿಗೆ ನೀರಾ? ರೇಡಿಯೇಟರಿಗೆ ಇರಬೇಕು, ನೋಡು’ ಎಂದ ಭಾವ.

‘ನಾನೂ ಅಚ್ಚಿನ ತಪ್ಪು ಅಂತ ಬಿಟ್ಟಿದ್ದೆ.’

‘ಪುಸ್ತಕ ಬರೆದವನಿಗಿಂತ ನಿನಗೆ ಹೆಚ್ಚು ಗೊತ್ತುಂಟು ಅಂತಾಯ್ತು’ ಎಂದಳು ಅಕ್ಕ.

ಮಾವನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. ‘ಅಡಿಯಲ್ಲಿ ಭಾರ. ನೀರೋ ಕಲ್ಲೋ, ಎಂತದಾದ್ರೆ ಎಂತ’ ಎಂದು ಮತ್ತೆ ಬಲೆಗೆ ಕೈ ಹಾಕಿದರು.

ಮರುದಿನವಿಡೀ ಕಾರ್ಖಾನೆಯ ಅಂಗಳದಲ್ಲಿ ಅದೇ ಕೆಲಸ. ಚಕ್ರಗಳನ್ನು ತಿರುವಿ ಹಾಕಿದ ಮೇಲೆ ಎರಡೂ ಬದಿ ಸೇರಿ ಒಂದು ಗೇಣಿಗಿಂತ ಹೆಚ್ಚು ಅಗಲವಾಯಿತು. ನೀರು ತುಂಬುವುದು ಸುಲಭವಿರಲಿಲ್ಲ. ಹಲಸಿನ ಮರದ ಕೊಂಬೆಗೆ ಒಂದು ಪೀಪಾಯಿ ನೇತುಹಾಕಿ, ರಬ್ಬರ್ ಕೊಳವೆಯನ್ನು ಟಯರಿನ ಗಾಳಿಬಾಯಿಗೆ ಸಿಕ್ಕಿಸಿದೆವು. ಗಾಳಿಬಾಯಿ ಮೇಲ್ತುದಿಗೆ ಬರುವಂತೆ ಚಕ್ರ ನಿಲ್ಲಿಸಬೇಕು. ಸ್ವಲ್ಪ ನೀರು ಹೋದ ಮೇಲೆ ಕೊಳವೆ ತೆಗೆದು ಒಳಗಿನ ಗಾಳಿ ಬಿಡಬೇಕು, ಮತ್ತೆ ಸಿಕ್ಕಿಸಬೇಕು. ಗಾಳಿ ಬಿಟ್ಟಾಗೆಲ್ಲ ನೀರು ಚಿಮ್ಮಿ ನನ್ನ ಮುಖಕ್ಕೆ. ‘ಭಾರ ಮೇಲೆ ಬಂತು’ ಎಂದು ಭಾವ ನಕ್ಕ. ಹಿಂದಿನ ದಿನದಿಂದ ಅವನು ನಕ್ಕದ್ದು ಅದೇ ಮೊದಲು.

ಹೊಸ ಚೀಟಿ ಬರೆಯಲೇ ಎಂದು ಕೇಳಿದೆ. ‘ಬೇಡ ಮಾರಾಯ, ಬಾಯಲ್ಲೇ ಹೇಳು’ ಎಂದ. ಹೇಳಿದೆ. ಅವನು ತಿರುಗಿ ನನಗೇ ಹೇಳಿ ಒಪ್ಪಿಸಿದ. ಕೋರೆಯ ಅಂಚಿನ ಎರಡು ಸಾಲು ಯಂತ್ರಕ್ಕಲ್ಲ, ಕತ್ತಿಗೆ. ಉಳಿದದ್ದನ್ನು ಒಂದೇ ದಿಕ್ಕಿನಲ್ಲಿ, ಪಟ್ಟಿಯ ಬದಿ ಎತ್ತರಕ್ಕೆ ಬರುವಂತೆ ಕೊಯ್ಯುವುದು. ಕೊನೆ ಮುಟ್ಟಿದ ಮೇಲೆ ಏರಿನ ಕಡೆಗೆ ತಿರುಗಿ, ಗುಡ್ಡದ ನೆತ್ತಿಯ ಸಮನೆಲದಿಂದ ಬರಿಗಾಡಿ ವಾಪಸು. ಹುಲ್ಲಿನಲ್ಲಿ ಅಡಗಿದ ಕಲ್ಲುಗಳಿಗಾಗಿ ಮೊದಲೇ ನಡೆದು ನೋಡುವುದು. ಆ ನಡೆಯುವ ಕೆಲಸವನ್ನು ನಾನು ಕೇಳಿ ತೆಗೆದುಕೊಂಡೆ. ಕೋಲಿನಿಂದ ಹುಲ್ಲು ಬಗೆಯುತ್ತ ಹೋಗಿ, ಸಿಕ್ಕ ಕಲ್ಲುಗಳನ್ನೆಲ್ಲ ಹೊತ್ತು ಹಾಕಿದೆ.

ಅಷ್ಟಾದರೂ ಅಕ್ಕನಿಗೆ ಸಮಾಧಾನವಿಲ್ಲ. ಅದರ ಮರುದಿನ ಬೆಳಿಗ್ಗೆ ಮಾವ ದೋಣಿ ಎಳೆಯುವ ದಪ್ಪ ಹಗ್ಗವನ್ನು ಗುಡ್ಡಕ್ಕೇ ತಂದರು. ಅದರ ಒಂದು ತುದಿಯನ್ನು ಗಾಡಿಗೆ ಎತ್ತರದ ಬದಿಯಲ್ಲಿ ಕಟ್ಟಿ, ಇನ್ನೊಂದನ್ನು ಹಿಡಿದು ಕಾರ್ಖಾನೆಯ ಐದು ಮಂದಿ ಮತ್ತು ನಾನು ಮೇಲಿನಿಂದ ಗಾಡಿಯ ಜೊತೆಜೊತೆಗೇ ನಡೆಯುವುದು ಎಂದಾಯಿತು. ಉರುಳುವ ಕ್ಷಣದಲ್ಲಿ ಸ್ವಲ್ಪ ಎಳೆತವೇ ಸಾಕು ಎಂದರು ಮಾವ. ತಾವು ಮಾತ್ರ ಹಗ್ಗ ಮುಟ್ಟಲಿಲ್ಲ. ಬೀಡಿ ಹಚ್ಚಿ ಒಂದು ಬಂಡೆಯ ಮೇಲೆ ಕೂತರು. ಪಕ್ಕದಲ್ಲಿ ಅಕ್ಕ, ಸೆರಗು ಬಾಯಿಗೆ.

ಭಾವ ಹೊರಟ. ಎಂಜಿನಿನ ಸದ್ದು, ಹಲ್ಲುಗಳ ಕಟಕಟ, ಹುಲ್ಲು ಮಲಗುವ ಸದ್ದು. ನಾನು ನೋಡುತ್ತಿದ್ದದ್ದು ಗಾಡಿಯನ್ನಲ್ಲ, ಹಗ್ಗವನ್ನು. ಅದು ಬಿಗಿಯಾದರೆ ಚಕ್ರ ಎದ್ದಿದೆ ಎಂದರ್ಥ. ಹತ್ತು ಮಾರು. ಇಪ್ಪತ್ತು. ಹಿಂದಿನ ಸಲ ನಿಂತುಹೋದ ಜಾಗ ಬಂತು, ನೆಲದಲ್ಲಿ ಪಟ್ಟಿ ನಾಟಿದ್ದ ಗಾಯ ಇನ್ನೂ ಹಸಿಯಾಗಿತ್ತು. ಗಾಡಿ ಒಮ್ಮೆ ಕುಲುಕಿತು. ಆರು ಜನರೂ ಒಟ್ಟಿಗೆ ಕಾಲೂರಿ ಹಿಂದಕ್ಕೆ ಬಾಗಿದೆವು. ಹಗ್ಗ ಬಿಗಿಯಾದದ್ದು ನಮ್ಮ ಎಳೆತದಿಂದ, ಗಾಡಿಯಿಂದಲ್ಲ. ಹಿಂದಿನ ಎರಡು ಚಕ್ರಗಳೂ ನೆಲ ಕಚ್ಚಿಕೊಂಡು, ನೀರಿನ ಭಾರಕ್ಕೆ ಸ್ವಲ್ಪ ಉಬ್ಬಿದ ಹೊಟ್ಟೆಯಲ್ಲಿ, ಉಂಡ ಎಮ್ಮೆಗಳಂತೆ ಹೋಗುತ್ತಲೇ ಇದ್ದವು.

‘ಎಳಿಬೇಡಿ ಮಾರಾಯ್ರೆ!’ ಭಾವ ಹಿಂದೆ ತಿರುಗಿ ಕೂಗಿದ. ‘ಗಾಡಿ ಅಡ್ಡ ಹೋಗ್ತದೆ! ಬಿಡಿ ಹಗ್ಗ!’

ಐವರು ಬಿಟ್ಟರು. ಒಬ್ಬ ‘ಇದಕ್ಕೆ ನಮ್ಮನ್ನು ಕರೆದದ್ದಾ?’ ಎಂದು ಗೊಣಗಿದ. ನನ್ನ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಬಿಡಬೇಕೆಂದು ಗೊತ್ತು, ಬಿಡಲು ಬರುತ್ತಿಲ್ಲ. ಹಗ್ಗ ಹಿಡಿದುಕೊಂಡೇ ಗಾಡಿಯ ಹಿಂದೆ ಹುಲ್ಲಿನಲ್ಲಿ ಮುಗ್ಗರಿಸುತ್ತ ಓಡಿದೆ, ಸಾಲಿನ ಕೊನೆಯವರೆಗೂ. ಅಲ್ಲಿ ಭಾವ ಏರಿನ ಕಡೆಗೆ ತಿರುಗಿ, ಸಮನೆಲ ಮುಟ್ಟಿ, ಎಂಜಿನ್ ಆರಿಸಿದ. ಇಳಿದು ಬಂದು, ಹುಲ್ಲಿನಲ್ಲಿ ಕೂತುಬಿಟ್ಟಿದ್ದ ನನ್ನ ಎದುರು ಕುಕ್ಕರಗಾಲಲ್ಲಿ ಕೂತ. ಒಂದೊಂದೇ ಬೆರಳನ್ನು ಬಿಡಿಸಿ ಹಗ್ಗ ತೆಗೆದುಕೊಂಡ.

‘ಆಯ್ತು, ಬಿಡು’ ಎಂದ. ‘ಇನ್ನೂ ಇಪ್ಪತ್ತು ಸಾಲು ಉಂಟು. ಹೀಗೆ ಪ್ರತಿ ಸಲ ನೀನು ಹಿಂದೆ ಓಡಿ ಬಂದ್ರೆ ಸಂಜೆಯೊಳಗೆ ಮುಗಿಯುವುದಿಲ್ಲ.’

ಆ ಹೊತ್ತಿಗೆ ಅಕ್ಕ ಹತ್ತಿಬಂದಿದ್ದಳು. ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಅವನ ಅಂಗಿಗೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದಳು, ಆತುರವೇನೂ ಇಲ್ಲದವಳಂತೆ.