ಚಿದ್ರಿಯ ಮನೆಯ ಎರಡು ಕಿಟಕಿಗಳು

ನನ್ನ ಚಿಮಣಿ, ನನ್ನ ಗುಂಡ್ಯಾ,

ಶಾಲೆಯ ಹಾಜರಿಯಲ್ಲಿ ನಿಮ್ಮ ಹೆಸರುಗಳು ಬೇರೆ ಇವೆ. ಅಜ್ಜಿಯಾದ ನನ್ನ ಬಾಯಿಗೆ ಬರುವುದು ಇವೇ. ಮೊನ್ನೆ, ಚಿಮಣಿ, ನೀನು ಪಡಸಾಲೆಯ ಕಿಟಕಿಯ ಕೆಳಗೆ ಕುಳಿತು ಕೇಳಿದೆ, "ಆಯಿ, ಎಲ್ಲಾ ಗ್ವಾಡಿ ನೆಟ್ಟಗ ಅವ. ಈ ಖಿಡಕಿ ಸುತ್ತ ಮಾತ್ರ ಇಲಿ ಕಡದಂಗ ಯಾಕ ಅದ?" ಆಗ ನನಗೆ ಹೇಳಲು ಬಾಯಿ ಬರಲಿಲ್ಲ. ಎದುರಿಗೆ ಕುಳಿತು ಮಾತಾಡುವ ರೂಢಿ ನನಗೆ ಕಡಿಮೆ ಅನ್ನುವುದು ನಿಮಗೆ ಗೊತ್ತು. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು. ಬರೆದರೆ ಹೇಳಬಲ್ಲೆ ಅನ್ನಿಸಿ ಬರೆಯುತ್ತಿದ್ದೇನೆ.

ಈ ಮನೆಗೆ ಬರುವ ಮುಂಚೆ ನಾವು ಭಾಲ್ಕಿಯಲ್ಲಿ ತಗಡಿನ ಚಾವಣಿಯ ಒಂದೇ ಕೋಣೆಯ ಖೋಲಿಯಲ್ಲಿದ್ದೆವು. ನಿಮ್ಮ ಅಜ್ಜ ಅಲ್ಲಿಯ ಶಾಲೆಯೊಂದರಲ್ಲಿ ಜವಾನರಾಗಿದ್ದರು. ಅವರು ತೀರಿಕೊಂಡ ಮೇಲೂ ನಾನು ಅಲ್ಲೇ ಉಳಿದೆ. ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು. ಔರಾದ ಕಡೆಯ ನಿಮ್ಮ ಅಪ್ಪನ ಊರಿನಲ್ಲಿ ಬಾವಿಯ ತಳದ ಕಲ್ಲು ಕಂಡಿತು. ತೊಗರಿ ಗೇಣುದ್ದ ಎದ್ದು ಒಣಗಿತು. ನಿಮ್ಮ ಅಪ್ಪ, ನನ್ನ ಮಗಳಾದ ನಿಮ್ಮ ಅವ್ವ, ಊರವರೆಲ್ಲರ ಜೊತೆ ಹೈದರಾಬಾದಿಗೆ ಹೋಗಿ, ಎತ್ತರದ ಕಟ್ಟಡಗಳಿಗೆ ಟೈಲ್ಸ್ ಕೂಡಿಸುವ ಕೆಲಸ ಹಿಡಿದರು. ರಾತ್ರಿ ಅದೇ ಕಟ್ಟಡದೊಳಗೆ, ಇನ್ನೂ ಗೋಡೆ ಏಳದ ಕಡೆ, ಚಾದರ ಹಾಸಿ ಮಲಗುತ್ತಿದ್ದರು. ಅಂಥಲ್ಲಿ ಮಕ್ಕಳನ್ನು ಹೇಗೆ ಇಟ್ಟುಕೊಳ್ಳಬೇಕು? ನಿಮ್ಮನ್ನು ನನ್ನ ಮಡಿಲಿಗೆ ಹಾಕಿ ಹೋದರು.

ಆ ಬೇಸಿಗೆಯಲ್ಲಿ ತಗಡು ಮಧ್ಯಾಹ್ನ ಟಪ್ ಟಪ್ ಎಂದು ಸಪ್ಪಳ ಮಾಡುತ್ತಿತ್ತು, ಯಾರೋ ಮೇಲೆ ನಡೆದ ಹಾಗೆ. ಗುಂಡ್ಯಾ, ನೀನು ಆಗ ತೊದಲು ಮಾತಿನವನು. ಒಂದು ಮಧ್ಯಾಹ್ನ ನಿನ್ನ ಮೈ ಹೆಂಚಿನ ಹಾಗೆ ಕಾಯಿತು. ಕಣ್ಣು ಮೇಲೆ ಹೋದವು, ಕೈಕಾಲು ಸೆಟೆದವು. ನಿನ್ನನ್ನು ಒದ್ದೆ ಸೀರೆಯಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟದೆ ಓಡಿದೆ. ಡಾಕ್ಟರು ನಿನ್ನನ್ನು ಉಳಿಸಿಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಪೋರಗ ಔಷಧ ಕೊಟ್ಟೇನಿ ಅವ್ವಾ. ಆ ಖೋಲಿಗಿ ನಾ ಏನ್ ಔಷಧ ಕೊಡ್ಲಿ? ಬರೋ ಬ್ಯಾಸಗಿಗಿ ಇವನ್ನ ತಗಡಿನ ಕೆಳಗ ಇಡಬ್ಯಾಡ್ರಿ. ಮತ್ತೊಮ್ಮಿ ಹಿಂಗಾದ್ರ ಹೇಳ್ಲಿಕ್ಕಾಗಲ್ಲ," ಅಂದರು.

ಅಂದಿನಿಂದ ನನಗೆ ಬೇರೆ ಯೋಚನೆ ಇರಲಿಲ್ಲ. ಬರುವ ಯುಗಾದಿಯ ಬಿಸಿಲು ಏರುವುದರೊಳಗೆ ನಿಮ್ಮನ್ನು ತಗಡಿನ ಕೆಳಗಿನಿಂದ ತೆಗೆಯಬೇಕು.

ಬೀದರಿನ ಚಿದ್ರಿಯಲ್ಲಿ ನಿಮ್ಮ ಅಜ್ಜ ಕೊಂಡಿಟ್ಟ ಜಾಗವಿತ್ತು. ಅಲ್ಲಿ ಮನೆ ಎಬ್ಬಿಸುವುದೆಂದು ಆಯಿತು. ನಕ್ಷೆ ಬರೆದುಕೊಟ್ಟ ಇಂಜಿನಿಯರು ನನ್ನನ್ನು ಕೂಡಿಸಿ ತಿಳಿಹೇಳಿದರು. ಕರೆಂಟು ಉಳಿಸುವ ಹೊಸ ನಿಯಮ ಬಂದಿದೆ. ಮಾಳಿಗೆ, ಅಂದರೆ ಮೇಲಿನ ಚಾವಣಿ, ಬಿಸಿ ಕುಡಿಯಬಾರದು, ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಕಲಸಿದ ಗಚ್ಚು ಹಾಕಿ ಬಿಳಿ ಟೈಲ್ಸ್ ಕೂಡಿಸಬೇಕು. ಹಿಂದೆ ಎರಡು ಕಿಟಕಿ, ಅದಕ್ಕೆ ಎದುರಾಗಿ ಮುಂದೆ ಎರಡು. ಇವು ಆದರೆ ನಗರಸಭೆಯ ಕಚೇರಿಯವರು ನೋಡಿ ಒಪ್ಪಿಗೆಯ ಪತ್ರ ಕೊಡುತ್ತಾರೆ, ಪತ್ರ ಸಿಕ್ಕರೆ ಕರೆಂಟಿನ ಮೀಟರು, ನೀರಿನ ನಳ. ಇಲ್ಲವಾದರೆ ಇಲ್ಲ. ನಮ್ಮ ಮನೆಯಲ್ಲಿ ಇರುವುದೇ ಒಂದು ಫ್ಯಾನು, ಅದೂ ಕರೆಂಟು ಮನಸ್ಸು ಮಾಡಿದಾಗ ತಿರುಗುವುದು, ನಾವು ಉಳಿಸುವುದೇನು ಎಂದು ಕೇಳಬೇಕೆನ್ನಿಸಿತು. ಅದರ ಬದಲು ಹೂಂ ಎಂದು ತಲೆ ಅಲ್ಲಾಡಿಸಿ ಸೆರಗು ಸರಿಮಾಡಿಕೊಂಡು ಎದ್ದು ಬಂದೆ.

ಕಟ್ಟಲು ಬಂದ ಮೇಸ್ತ್ರಿ ನನ್ನ ತವರೂರು ಮೆಹಕರದವನು. ಈಗ ಇಲ್ಲದ ನನ್ನ ಅಣ್ಣಂದಿರ ಜೊತೆ ಆಡಿ ಬೆಳೆದವನು. ನಮ್ಮೂರಲ್ಲಿ ಹಳೆಯ ಮಾಳಿಗೆ ಮನೆಗಳಿಗೆ ಬೀದಿಯ ಕಡೆ ಕಿಟಕಿಯೇ ಇರುವುದಿಲ್ಲ. ಬೆಳಕು ಮೇಲಿನಿಂದ, ಬೆಳಕಿಂಡಿಯಿಂದ ಬೀಳಬೇಕು. ಗಂಡ ಸತ್ತವಳು ಇರುವ ಮನೆಯಾದರೆ ಮುಂದಿನ ಗೋಡೆಯಲ್ಲಿ ಇದ್ದ ಸಣ್ಣ ಕಂಡಿಯನ್ನೂ ಕಲ್ಲಿಟ್ಟು ಮುಚ್ಚುತ್ತಿದ್ದರು. ಅದನ್ನು ಮಾಡುವವನು ಅಣ್ಣನೋ ಮೈದುನನೋ. ಯಾರೂ ಹೇಳಬೇಕಾಗಿರಲಿಲ್ಲ, ಮರ್ಯಾದೆ ಅಂತ ತಾವೇ ಮಾಡುತ್ತಿದ್ದರು.

ಮುಂದಿನ ಗೋಡೆ ಏಳುವಾಗ ನಾನು ನಿಮ್ಮ ಜೊತೆ ಭಾಲ್ಕಿಯಲ್ಲಿದ್ದೆ. ಮರಳಿ ಚಿದ್ರಿಗೆ ಬಂದು ನೋಡಿದರೆ ಎರಡು ಕಿಟಕಿಯ ಜಾಗದಲ್ಲಿ ಕೆಂಪು ಕಲ್ಲು ತುಂಬಿತ್ತು. ಒಳಗಡೆಯಿಂದ ದೀಪ ಇಡುವಂಥ ಎರಡು ಮಾಡ ಬಿಟ್ಟು, ಅಂಚಿಗೆ ಕಮಾನು ಕೂಡ ತಿದ್ದಿದ್ದ.

"ಹ್ಯಾಂಗ ಅದರಿ ಅಕ್ಕಾ?" ಎಂದ. "ಕಾಗದದಾಗ ಖಿಡಕಿ ಬರದಾರ. ಬರದವರಿಗೇನ್ ಗೊತ್ತ? ಮನ್ಯಾಗ ಗಂಡಸು ಮನಷಾ ಇಲ್ಲ, ಬೀದಿ ಮಂದಿ ಎಲ್ಲಾ ಒಳಗ ಹಣಿಕಿ ಹಾಕ್ತಾರ. ನಿಮ್ಮ ಅಣ್ಣಂದಿರು ಇದ್ರ ಹಿಂಗೇ ಮಾಡತಿದ್ರು."

ನನಗೆ ಕಣ್ಣು ತುಂಬಿತು. ಆ ಗೋಡೆಯ ಹಿಂದೆ ಯಾರ ಕಣ್ಣಿಗೂ ಬೀಳದೆ ಇರಬಹುದು ಅನ್ನಿಸಿತು. "ಛಲೋ ಆಗ್ಯದ ಅಣ್ಣಾ," ಅಂದೆ. ಮಾಳಿಗೆಯ ಮೇಲಿನ ಗಚ್ಚನ್ನು ಮಳೆ ಬಂದ ಮೇಲೆ ನೋಡಿದರಾಯಿತು, ಈಗ ನೀರು ಎಲ್ಲಿದೆ ಎಂದು ಅವನೇ ಹೇಳಿ ಕೆಲಸ ಮುಗಿಸಿ ಹೋದ.

ಸಂಕ್ರಾಂತಿ ಕಳೆದ ಮೇಲೆ ಮನೆ ನೋಡಲು ಕಚೇರಿಯಿಂದ ಒಬ್ಬ ಹುಡುಗಿ ಬಂದಳು. ಇಂಜಿನಿಯರೇ, ಆದರೆ ನಿಮ್ಮ ಅವ್ವನಿಗಿಂತ ಚಿಕ್ಕವಳು. ಮಾತು ನಮ್ಮ ಕಡೆಯದಲ್ಲ. ನಾನು ಬಾಗಿಲ ಹಿಂದೆ ನಿಂತೆ. ಅವಳು ಗೋಡೆಯ ಮುಂದೆ ನಿಂತು ನಕ್ಷೆಯನ್ನು ಒಮ್ಮೆ, ಮಾಡವನ್ನು ಒಮ್ಮೆ ನೋಡಿದಳು.

"ಅಮ್ಮ, ಇಲ್ಲಿ ಎರಡು ಕಿಟಕಿ ಇರಬೇಕಿತ್ತಲ್ಲ?"

ನಾನು ಬಾಗಿಲ ಅಂಚು ಹಿಡಿದುಕೊಂಡೆ.

"ಇಲ್ಲಿ ಬನ್ನಿ," ಎಂದು ಕರೆದು, ಹಿಂದಿನ ಕಿಟಕಿ ತೆಗೆದು, ಕೋಣೆಯ ನಡುವೆ ನನ್ನನ್ನು ನಿಲ್ಲಿಸಿದಳು. "ಗಾಳಿ ಬಂತಾ?"

ಬಂದಿರಲಿಲ್ಲ. ಒಳಗೆ ಬರಲು ದಾರಿ ಇತ್ತು, ಹೊರಗೆ ಹೋಗಲು ಇರಲಿಲ್ಲ. ಆಮೇಲೆ ಮಾಳಿಗೆಗೆ ಹತ್ತಿಸಿದಳು. ನಾನು ಬರಿಗಾಲಲ್ಲಿದ್ದೆ. ಮಾಘ ಮಾಸದ ಬಿಸಿಲಿಗೇ ಕಾಲು ಎತ್ತಿ ಎತ್ತಿ ಇಡಬೇಕಾಯಿತು. "ಇದು ಹಗಲೆಲ್ಲ ಕಾದು ಸಂಜೆ ಕೆಳಗೆ ಬಿಸಿ ಇಳಿಸುತ್ತೆ. ತಗಡಿನ ಮನೆಗೂ ಇದಕ್ಕೂ ಏನು ವ್ಯತ್ಯಾಸ? ಸರಿ ಮಾಡಿಸಿ ಹೇಳಿ ಕಳಿಸಿ, ಮತ್ತೆ ಬರ್ತೀನಿ. ಹೀಗೆ ಇದ್ದರೆ ಪತ್ರ ಕೊಡೋಕಾಗಲ್ಲ," ಎಂದು ಹೋದಳು.

ತಗಡಿನ ಮನೆ ಅನ್ನುವ ಮಾತನ್ನು ಅವಳು ಸುಮ್ಮನೆ ಆಡಿದ್ದು. ನಾನು ಮಾತ್ರ ಆ ಬಿಸಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಪತ್ರ ಇಲ್ಲ ಅಂದರೆ ನಳ ಇಲ್ಲ, ಅದು ಒಂದು ಕಡೆ. ಪತ್ರ ಬಿಟ್ಟು ಹಾಗೇ ಬಂದು ಇದ್ದರೂ, ಗುಂಡ್ಯಾ, ನಿನ್ನನ್ನು ಒಂದು ಒಲೆಯಿಂದ ತೆಗೆದು ಇನ್ನೊಂದು ಒಲೆಗೆ ಇಟ್ಟ ಹಾಗೆ. ಮನೆ ಕಟ್ಟಿದ್ದೇ ಯಾವುದಕ್ಕೆ?

ಮೇಸ್ತ್ರಿಗೆ ಫೋನು ಮಾಡಿಸಿದರೆ, ಹೆಂಡತಿ ಮಕ್ಕಳ ಜೊತೆ ಪುಣೆಗೆ ಹೊರಟಿದ್ದೇನೆ, ಬರುವುದಿಲ್ಲ ಅಂದ. ಬೀದರಿನಲ್ಲಿ ಗೋಡೆ ಕೆಲಸದ ಬೇರೆ ಗೌಂಡಿಯನ್ನು ಹುಡುಕಿದೆ. ಕೆಲಸ ಬಲ್ಲವರೆಲ್ಲ ಆಗಲೇ ರೈಲು ಹತ್ತಿದ್ದರು. ನಿಮ್ಮನ್ನು ಪಕ್ಕದ ಖೋಲಿಯವಳ ಕೈಗೆ ಕೊಟ್ಟು ಮೆಹಕರದ ಬಸ್ಸು ಹತ್ತಿದೆ. ಯಾರ ಮನೆಗೂ ಕೇಳಿಕೊಂಡು ಹೋದವಳಲ್ಲ ನಾನು. ಬಸ್ಸಿನಲ್ಲಿ ಕುಳಿತು ಆಡಬೇಕಾದ ಮಾತನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಹೇಳಿಕೊಂಡೆ, ಇಳಿಯುವಾಗ ಎಲ್ಲಾ ಮರೆತುಹೋಯಿತು.

ಊರೊಳಗೆ ಮನೆ ಮನೆಗೆ ಬೀಗ. ನಾಯಿ ಒಳಗೆ ಹೋಗದಿರಲೆಂದು ಬಾಗಿಲಿಗೆ ಜಾಲಿ ಮುಳ್ಳು ಒಡ್ಡಿದ್ದರು. ಮೇಸ್ತ್ರಿಯ ಅಂಗಳದಲ್ಲಿ ಹಾಸಿಗೆ ಕಟ್ಟಿಟ್ಟಿತ್ತು. ಮುಳ್ಳಿನ ಕೊಂಬೆಯೂ ಬಾಗಿಲ ಪಕ್ಕ ಸಿದ್ಧವಾಗಿತ್ತು.

"ಅಣ್ಣಾ, ಗ್ವಾಡಿ ಒಡೀಬೇಕು," ಅಂದೆ.

ಅವನ ಮುಖ ಬಾಡಿತು. "ನಿಮ್ಮ ಮಾನಕ್ಕಂತ ಕಟ್ಟೇನಿ ಅಕ್ಕಾ. ಕಟ್ಟಿದ ಕೈಲೇ ಒಡಿ ಅಂತೀರಿ? ನಾಳಿ ಬೀದ್ಯಾಗಿನ ಮಂದಿ ಏನಂತಾರ?"

"ಮಂದಿ ಏನರ ಅನ್ಲಿ. ಪೋರ ಉಳೀಬೇಕು. ಡಾಕ್ಟರ್ ಹೇಳ್ಯಾರ. ಆ ಗ್ವಾಡಿಯಿಂದ ಗಾಳಿ ಹೋಗಲ್ಲಣ್ಣ."

ಆಗ ಒಳಗಿನಿಂದ ಅವನ ಹೆಂಡತಿ, ಪಾತ್ರೆ ಭಾಂಡೆ ಚೀಲಕ್ಕೆ ತುಂಬುತ್ತಲೇ, "ಏಳ್ರಿ, ಹೋಗಿ ಒಡದ್ ಬರ್ರಿ. ಪುಣೇದಾಗ ಕಂಡವರ ಮನಿಗಿ ಖಿಡಕಿ ಕೂಡಸ್ಲಾಕ ಹೊಂಟೀರಿ, ಸ್ವಂತ ಊರಿನ ಹೆಣ್ಮಗಳ ಮನಿ ಖಿಡಕಿ ಮುಚ್ಚಿ ಬಂದೀರಿ. ನಿಮ್ಮಂಥಾ ಮೇಸ್ತ್ರಿ ಎಲ್ಲಿ ಸಿಗಬೇಕು," ಅಂದಳು. ನನ್ನ ಕಡೆ ನೋಡಿ, "ನನ್ನ ಅಡಗಿ ಮನಿಗೂ ಖಿಡಕಿ ಇಲ್ಲರಿ ಅಕ್ಕಾ. ಕೇಳ್ರಿ ಇವರಿಗಿ, ಎಷ್ಟ್ ವರ್ಷ ಆತು ಹೊಗಿ ಕುಡಿಲಾಕತ್ತು," ಎಂದು ನಕ್ಕಳು. ಅವನೂ ನಗಬೇಕಾಯಿತು. ಹಾಸಿಗೆ ಬಿಚ್ಚಲಿಲ್ಲ. ಅದನ್ನೇ ಹೆಗಲಿಗೆ ಹಾಕಿಕೊಂಡು ಚಿದ್ರಿಗೆ ಬಂದ. ಇಲ್ಲಿಂದಲೇ ಪುಣೆಗೆ ಹೋಗುವೆನೆಂದ, ಹೆಂಡತಿ ಮಕ್ಕಳು ಊರಲ್ಲೇ ಕಾದು ರೈಲಿನ ದಿನ ಬಂದು ಕೂಡಿಕೊಳ್ಳುವುದೆಂದಾಯಿತು.

ಕೆಂಪು ಕಲ್ಲು ಒಡೆಯುವಾಗ ಧೂಳು ಕುಂಕುಮದ ಹಾಗೆ ಹಾರಿತು. ಅವನು ಮೊದಲಿನಂತೆ ನಾಜೂಕು ಮಾಡಲಿಲ್ಲ, ಸಿಟ್ಟಿತ್ತು, ಅವಸರವೂ ಇತ್ತು. ಚಿಮಣಿ, ನೀನು ಕೇಳಿದ ಆ ಕಡಿದ ಅಂಚು ಅದೇ. ಎರಡು ಕಿಟಕಿ ಬಿಡಿಸಿದ. ಹೋದ ಮಾಡಗಳ ಬದಲು ಅವುಗಳ ಪಕ್ಕದಲ್ಲಿ ಒಂದು ಚಿಕ್ಕ ಮಾಡ ಮಾತ್ರ ಕೊರೆದ. "ಇಷ್ಟರ ಇರ್ಲಿ ಅಕ್ಕಾ," ಎಂದ.

ಮಾಳಿಗೆಗೆ ಬೇಕಾದ ಬಿಳಿ ಟೈಲ್ಸಿನ ಒಡಕು ಚೂರುಗಳನ್ನು ನಿಮ್ಮ ಅವ್ವ ಹೈದರಾಬಾದಿನಿಂದ ಬಸ್ಸಿಗೆ ಹಾಕಿ ಕಳಿಸಿದಳು. ದೊಡ್ಡವರ ಸ್ನಾನದ ಮನೆಗೆ ಕೂಡಿಸುವಾಗ ಒಡೆದು ಬಿಸಾಡಿದ್ದನ್ನು ಅಲ್ಲಿಯವರನ್ನು ಕೇಳಿ ಗೋಣಿಯಲ್ಲಿ ತುಂಬಿದ್ದಳು. ಒಂದೊಂದು ಚೂರಿಗೆ ಹೂವಿನ ಎಸಳು ಇತ್ತು. ಗೋಣಿ ಬಿಚ್ಚಿ ಅವುಗಳ ಮೇಲೆ ಕೈ ಆಡಿಸಿದೆ, ಅವಳ ಕೈ ಮುಟ್ಟಿದ ಹಾಗಾಯಿತು. ದೀಪಾವಳಿಯ ಮೇಲೆ ಅವಳನ್ನು ನಾನು ನೋಡಿರಲಿಲ್ಲ.

ಮೇಸ್ತ್ರಿ ಮಾಳಿಗೆಗೆ ಗಚ್ಚು ಹಾಕಿ ಆ ಚೂರುಗಳನ್ನು ಕೂಡಿಸಿದ. ಉಳಿದದ್ದು ನೀರು. ಗಚ್ಚಿಗೆ ನೀರು ಉಣ್ಣಿಸದಿದ್ದರೆ ಬಿರಿಯುತ್ತದೆ. ಓಣಿಗೆ ಟ್ಯಾಂಕರು ಬಂದಾಗ ನಾನೂ ಕೊಡ ಇಟ್ಟು ನಿಂತೆ. ಮುಂದೆ ನಿಂತಿದ್ದವಳು ತಿರುಗಿ, "ಮಂದಿಗಿ ಕುಡಿಲಾಕ ಹನಿ ಇಲ್ಲ, ಈಕಿ ಮಾಳಗಿಗಿ ನೀರ್ ಕುಡಸ್ತಾಳಂತ. ಮಾಳಗಿ ಏನ್ ಬಾಣಂತಿ ಅದ ಏನ್?" ಅಂದಳು. ಎಲ್ಲರೂ ನಕ್ಕರು. ನಾನು ಖಾಲಿ ಕೊಡ ಎತ್ತಿಕೊಂಡು ಬಂದು ಒಳಗೆ ಕುಳಿತು ಅತ್ತೆ. ಅವಳು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ, ಅದಕ್ಕೇ ಹೆಚ್ಚು ಅಳು ಬಂತು. ಯಾರ ಬಾಯಿಯ ನೀರು ಕಿತ್ತು ಮಾಳಿಗೆಗೆ ಹೊಯ್ಯಲಿ? ಹೊಯ್ಯದೆ ಹೇಗೆ ಬಿಡಲಿ?

ಮರುದಿನ ಬೆಳಿಗ್ಗೆ ಬಕೆಟು ಹಿಡಿದು ಮೊದಲು ಅವಳ ಬಾಗಿಲಿಗೇ ಹೋದೆ. "ಅಕ್ಕಿ ಬ್ಯಾಳಿ ತೊಳದ ನೀರ್ ಚೆಲ್ಲಬ್ಯಾಡ್ರಿ. ನನಗ ಕೊಡ್ರಿ. ಬ್ಯಾರೆ ನೀರ್ ಬ್ಯಾಡ," ಅಂದೆ. ಅವಳು ಒಳಗೆ ಹೋಗಿ ಬೇಳೆ ತೊಳೆದ ಪಾತ್ರೆ ತಂದು ನನ್ನ ಬಕೆಟಿಗೆ ಬಗ್ಗಿಸಿದಳು. "ಅದಕ್ಕೇನ್ರಿ, ಒಯ್ರಿ," ಅಂದಳು. ಹಾಗೆ ಮನೆ ಮನೆ ತಿರುಗಿದೆ. ತಪ್ಪಲು ಸೊಪ್ಪು ತೊಳೆದ ನೀರು, ಬೇಳೆ ತೊಳೆದ ನೀರು. ಬೇಸತ್ತು ಬಾಗಿಲು ಹಾಕಿಕೊಂಡವರೂ ಇದ್ದರು. ಮಾಳಿಗೆಗೆ ಗೋಣಿ ತಟ್ಟು ಹಾಸಿ, ಆ ಬೆಳ್ಳನೆಯ ನೀರನ್ನು ಕೈಯಿಂದ ಚಿಮುಕಿಸಿ ಚಿಮುಕಿಸಿ, ಬಿಸಿಲು ಹೀರುವ ಮುಂಚೆ ಗಚ್ಚು ಹೀರಲಿ ಎಂದು ಮೊಣಕಾಲೂರಿ ಕುಳಿತಿರುತ್ತಿದ್ದೆ. ಎರಡು ಕಡೆ ಬಿರಿಯಿತು. ಬಿರುಕನ್ನು ಕಂಡ ದಿನ ಇನ್ನು ಆಗುವುದಿಲ್ಲ ಅಂದುಕೊಂಡಿದ್ದೆ. ಮೇಸ್ತ್ರಿ ಅದಕ್ಕೆ ಸಿಮೆಂಟು ತುಂಬಿ, ಪುಣೆಯ ರೈಲಿಗೆ ಹೊತ್ತಾಯಿತೆಂದು ಕೈ ಮುಗಿದು ಹೋದ.

ಆ ಹುಡುಗಿ ಮತ್ತೆ ಬಂದಾಗ ಕಿಟಕಿಯ ಬಾಗಿಲುಗಳನ್ನು ನೀವೇ ತೆಗೆಯಿರಿ ಅಂದಳು. ಬೀದಿಯಲ್ಲಿ ನಾಲ್ಕು ಜನ ನಿಂತಿದ್ದರು. ತೆಗೆದೆ. ಹಿಂದಿನಿಂದ ಬಂದ ಗಾಳಿ ನನ್ನ ಬೆನ್ನಿಗೆ ತಾಗಿ ಮುಂದೆ ಹೋಯಿತು, ತಲೆಯ ಮೇಲಿನ ಸೆರಗು ಜಾರಿತು. ಅವಳು ಮಾಳಿಗೆಯ ಬಿರುಕನ್ನು ಕಾಲಿನಿಂದ ಮುಟ್ಟಿ ನೋಡಿ ಬರೆದುಕೊಂಡಳು. ಪತ್ರ ಬಂತು. ಮೀಟರು ಬಂತು. ನಳವನ್ನೂ ಜೋಡಿಸಿದರು. ತಿರುವಿದರೆ ಬುಸ್ ಎಂದು ಗಾಳಿ ಬಂತೇ ಹೊರತು ಆ ಬೇಸಿಗೆಯೆಲ್ಲ ಹನಿ ನೀರು ಬರಲಿಲ್ಲ.

ಅಷ್ಟು ದಿನ ಭಾಲ್ಕಿಯಲ್ಲಿ ಪಕ್ಕದ ಖೋಲಿಯವಳ ಹತ್ತಿರವೇ ಇದ್ದ ನಿಮ್ಮನ್ನು ಯುಗಾದಿಗೆ ಮೊದಲು ಕರೆದುಕೊಂಡು ಬಂದೆ. ಗುಂಡ್ಯಾ, ಮೊದಲ ಮಧ್ಯಾಹ್ನ ನಿನ್ನನ್ನು ಹಿಂದಿನ ಮುಂದಿನ ಕಿಟಕಿಗಳ ನಡುವೆ ಮಲಗಿಸಿ ಪಕ್ಕದಲ್ಲೇ ಕುಳಿತೆ. ಹಣೆ ಮುಟ್ಟುವುದು, ಕೈ ತೆಗೆಯುವುದು, ಮತ್ತೆ ಮುಟ್ಟುವುದು. ಬೆವರು ಇತ್ತು, ಸುಡುತ್ತಿರಲಿಲ್ಲ. ಕರೆಂಟು ಹೋಗಿತ್ತು, ನೀನು ಏಳಲಿಲ್ಲ. ಆ ಬೇಸಿಗೆ ಮುಗಿಯುವವರೆಗೂ ಪ್ರತಿ ಮಧ್ಯಾಹ್ನ ಹಾಗೇ ಕುಳಿತೆ. ಒಂದು ದಿನವೂ ನನಗೆ ಧೈರ್ಯ ಬರಲಿಲ್ಲ. ನಿನ್ನ ಮೈ ಮಾತ್ರ ಮತ್ತೆ ಸೆಟೆಯಲಿಲ್ಲ.

ನಿಮ್ಮ ಅಪ್ಪ ಅವ್ವ ಇನ್ನೂ ಹೈದರಾಬಾದಿನಲ್ಲೇ ಇದ್ದಾರೆ. ಮಳೆ ಬಂದರೆ ಬರುತ್ತೇವೆ ಅನ್ನುತ್ತಾರೆ. ಬೀದಿಯವರ ಕಣ್ಣಿಗೆ ಬೀಳಬಾರದು ಅಂದುಕೊಂಡಿದ್ದ ನಾನು ಈಗ ಸಂಜೆಯಾದರೆ ಆ ಕಿಟಕಿಯ ಹತ್ತಿರವೇ ನಿಲ್ಲುತ್ತೇನೆ. ಅಲ್ಲಿಂದ ಬಸ್ಸು ಇಳಿದು ಬರುವ ದಾರಿ ಕಾಣುತ್ತದೆ.

ಈ ಹಾಳೆಗಳನ್ನು ಮೇಸ್ತ್ರಿ ಬಿಟ್ಟುಹೋದ ಚಿಕ್ಕ ಮಾಡದಲ್ಲಿ, ಅರಿವೆಯಲ್ಲಿ ಸುತ್ತಿ ಇಡುತ್ತೇನೆ. ಅದು ಕಿಟಕಿಗೆ ತೀರ ಹತ್ತಿರ. ನಾನು ಇಲ್ಲದಾಗ ಜೋರು ಮಳೆ ಬಂದರೆ, ಎರಚಲು ಒಳಗೆ ಬೀಳುವ ಮೊದಲು ಇವನ್ನು ತೆಗೆದು ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಕಿಟಕಿ ಆಮೇಲೆ ಮುಚ್ಚಿದರೂ ಆಯಿತು.